ಕೊನೆಗೆ ಬಾಲ್ ನೋಡಿದ್ದು ಯಾವಾಗ?

ಕಾಫಿ ಹೂವರಳಿಸುವ ಹೂಮಳೆ ಬಿದ್ದ ಮರುದಿನ, ಕೊಡಗಿನ ಗೋಣಿಕೊಪ್ಪದ ಕಡೆ ಇಪ್ಪತ್ತು ಓವರ್‌ಗಳ ಲೆದರ್ ಬಾಲ್ ಮ್ಯಾಚ್; ನಾನು ಅಂಪೈರ್. ಪಿಚ್ ಮೇಲೆ ಮ್ಯಾಟ್, ಔಟ್‌ಫೀಲ್ಡ್ ತುಂಬ ಕೆಂಪು ಕೆಸರು. 14ನೇ ಓವರ್‌ನಲ್ಲಿ ಬ್ಯಾಟ್ಸ್‌ಮನ್ ಕೂಗಿದ: "ಸರ್, ಸೀಮ್ ನೋಡಿ."

ಒಂದು ಕಡೆ ಸೀಮ್, ಅಂದರೆ ಬಾಲಿನ ಹೊಲಿಗೆ, ಎದ್ದಿತ್ತು. ಅದರ ಪಕ್ಕದಲ್ಲೇ ಒಂದೇ ದಿಕ್ಕಿಗೆ ನಾಲ್ಕು ಗೀರು. ಮ್ಯಾಟ್ ತಿಂದ ಬಾಲ್ ಹೀಗಿರುವುದಿಲ್ಲ. ಸುತ್ತಲೂ ತರಿತರಿ ಆಗುತ್ತದೆ. ಗೀರು ಸಾಲಾಗಿದ್ದರೆ ಉಗುರು, ಜಿಪ್ ಅಥವಾ ಸೋಡಾ ಬಾಟಲಿ ಮುಚ್ಚಳ. ಬಾಲ್ ಕೆಡಿಸಿದ್ದಕ್ಕೆ ದಂಡವಾಗಿ ಭುಜ ತಟ್ಟಿ ಬ್ಯಾಟಿಂಗ್ ತಂಡಕ್ಕೆ ಐದು ರನ್ ಕೊಡಲು ನನ್ನ ಕೈ ಮೇಲೆದ್ದಿತ್ತು. ಲೆಗ್ ಅಂಪೈರ್ ಹತ್ತಿರ ಬಂದು, "ಕೊನೆಗೆ ನೋಡಿದ್ದು ಯಾವಾಗ?" ಎಂದರು.

ಆರನೇ ಓವರ್‌ನಲ್ಲಿ. ನಡುವೆ ಎರಡು ವಿಕೆಟ್ ಬಿದ್ದಿದ್ದವು, ಡ್ರಿಂಕ್ಸ್ ಆಗಿತ್ತು. ಬಾಲ್ ಫೀಲ್ಡರ್‌ಗಳ ಕೈಯಲ್ಲೇ ತಿರುಗುತ್ತಿತ್ತು. "ಕೆಸರು ತೆಗೆದದ್ದು ಸರ್" ಎಂದ ಕ್ಯಾಪ್ಟನ್. ಕೊನೆಗೆ ರೂಲ್‌ನಲ್ಲೇ ಇಲ್ಲದ ವಾರ್ನಿಂಗ್ ಕೊಟ್ಟು ಆಟ ಮುಂದುವರಿಸಿದ್ದಾಯಿತು. ಅದೇ ಇನ್ನೂ ಚುಚ್ಚುತ್ತದೆ.

ಬಾಲ್ ಕೆಡಿಸುವುದರ ಬಗೆಗಿನ ಕ್ರಿಕೆಟ್ ನಿಯಮ 41.3ರಲ್ಲಿ ಯಾರು ಮಾಡಿದರು ಎಂಬುದು ಗೊತ್ತಾಗಬೇಕಿಲ್ಲ. ಆಡಿದ ಆಟಕ್ಕೆ ಬಾಲಿನ ಸ್ಥಿತಿ ತಾಳೆಯಾಗುತ್ತಿಲ್ಲ ಎಂದು ಇಬ್ಬರೂ ಅಂಪೈರ್‌ಗಳು ಒಪ್ಪಿದರೆ ಸಾಕು. ಆದರೆ 2006ರ ಲಂಡನ್ನಿನ ಓವಲ್ ಟೆಸ್ಟ್ ತಲೆಯಲ್ಲಿ ಕೂತಿರುತ್ತದೆ: ಅಂಪೈರ್‌ಗಳಾದ ಹೇರ್, ಡಾಕ್ಟ್ರೋವ್ ಬಾಲ್ ಕೆಡಿಸಿದ್ದಾರೆಂದು ಇಂಗ್ಲೆಂಡ್‌ಗೆ ಐದು ರನ್ ಕೊಟ್ಟರು, ಪಾಕಿಸ್ತಾನ ಚಹಾ ನಂತರ ಮೈದಾನಕ್ಕಿಳಿಯಲಿಲ್ಲ, ವಿಚಾರಣೆಯಲ್ಲಿ ಟ್ಯಾಂಪರಿಂಗ್ ಆರೋಪವೇ ನಿಲ್ಲಲಿಲ್ಲ.

ಕೆಸರಿನ ನೆಪವೂ ನಿಲ್ಲುವಂಥದ್ದಲ್ಲ. ತೆಗೆಯಬಹುದು, ಅಂಪೈರ್ ಕಣ್ಣೆದುರು ಮಾತ್ರ. 2001ರಲ್ಲಿ ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಲ್ಲಿ ತೆಂಡೂಲ್ಕರ್ ಸಿಕ್ಕಿಕೊಂಡದ್ದೂ ಅಂಪೈರ್‌ಗೆ ಹೇಳದೆ ಸೀಮ್ ಶುಚಿ ಮಾಡಿದ್ದಕ್ಕೆ. ಒದ್ದೆ ಬಾಲ್ ಒರೆಸುವ ಬಟ್ಟೆಯನ್ನೂ ನಾವು ಒಪ್ಪಬೇಕು. ಪ್ಯಾಂಟಿಗೆ ಉಜ್ಜಿ ಬೆವರಲ್ಲಿ ಹೊಳಪು ಕೊಡಲಿ, ತಕರಾರಿಲ್ಲ. ಬಾಯಲ್ಲಿ ಮಿಂಟ್ ಇದ್ದರೆ ಕಣ್ಣಿಡಿ. 2004ರಲ್ಲಿ ಬ್ರಿಸ್ಬೇನ್‌ನಲ್ಲಿ ನಮ್ಮ ದ್ರಾವಿಡ್‌ಗೇ ಕೆಮ್ಮಿನ ಮಾತ್ರೆಯನ್ನು ಬಾಲಿಗೆ ಸವರಿದ್ದಕ್ಕೆ ದಂಡ ಬಿತ್ತು.

ಎಂಜಲಿನದೇ ದೊಡ್ಡ ತಲೆನೋವು. ಹಿಂದೆ ಬಾಲಿನ ಹೊಳಪಿಗೆ ಅದನ್ನು ಹಚ್ಚದವನೇ ಸೋಮಾರಿ. 2020ರಲ್ಲಿ ಕೋವಿಡ್‌ಗೆಂದು ನಿಲ್ಲಿಸಿದರು, 2022ರಲ್ಲಿ ಕ್ರಿಕೆಟ್ ನಿಯಮ ಬರೆಯುವ ಎಂಸಿಸಿ ಕ್ಲಬ್ ಆ ನಿಷೇಧವನ್ನು ನಿಯಮಕ್ಕೇ ಸೇರಿಸಿತು. 2025ರ ಐಪಿಎಲ್‌ನಲ್ಲಿ ಬಿಸಿಸಿಐ ಮತ್ತೆ ಎಂಜಲು ಹಚ್ಚಲು ಬಿಟ್ಟಿತು. ಟಿವಿ ನೋಡಿದ ಹುಡುಗರು ಬಂದು ನಮಗೇ ರೂಲ್ ಹೇಳುತ್ತಾರೆ. ಇಲ್ಲಿ ಯಾವ ನಿಯಮ ಎಂದು ಟಾಸ್‌ಗೆ ಮೊದಲೇ ಇಬ್ಬರು ಕ್ಯಾಪ್ಟನ್‌ಗಳಿಗೂ ಹೇಳಿಬಿಡುವುದು ಒಳ್ಳೆಯದು.

ಈಗ ವಿಕೆಟ್ ಬಿದ್ದಾಗ, ಡ್ರಿಂಕ್ಸ್‌ನಲ್ಲಿ ಬಾಲ್ ಅಂಪೈರ್ ಕೈಯಲ್ಲಿ. ನಡುವೆ ಹೊತ್ತುಗೊತ್ತಿಲ್ಲದೆ ಇನ್ನೆರಡು ಸಲ ಕೇಳಿ ನೋಡುವುದು. ಬದಲಿಸಬೇಕಾದರೆ ಅಷ್ಟೇ ಸವೆದ ಬಾಲ್ ಬೇಕು. ಆಯೋಜಕರು ಮಧ್ಯಾಹ್ನಕ್ಕೆ ಪಂದಿಕರಿ, ಕಡುಬು ಮಾಡಿಸುತ್ತಾರೆ; ಎರಡು ಹಳೇ ಬಾಲ್ ತೆಗೆದಿಡಿ ಎಂದರೆ ಮಾತ್ರ ಮುಖ ಮುಖ ನೋಡುತ್ತಾರೆ.