ಫೈನಲ್ ಸೋತರೂ ನಿದ್ದೆ ಬಂತು

ನವೆಂಬರ್ 20, 2023, ಸೋಮವಾರ

ಸತತ ಹತ್ತು ಪಂದ್ಯ ಗೆದ್ದು ಬಂದ ಭಾರತ ನಿನ್ನೆ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು ಮುಗ್ಗರಿಸಿತು. ನಾನು ಟಿವಿ ಆಫ್ ಮಾಡಿ ಮಲಗಿದೆ. ತಕ್ಷಣ ನಿದ್ದೆ ಬಂತು. ಬೆಳಗ್ಗೆ ಎದ್ದಾಗ ಬೇಜಾರಾಗಿದ್ದು ಸೋಲಿಗಲ್ಲ, ಅಷ್ಟು ಚೆನ್ನಾಗಿ ನಿದ್ದೆ ಬಂದಿದ್ದಕ್ಕೆ.

2003ರ ವಿಶ್ವಕಪ್ ಫೈನಲ್‌ನಲ್ಲಿ ಹೀಗಿರಲಿಲ್ಲ. ಮಾರ್ಚ್ 23, ಜೋಹಾನ್ಸ್‌ಬರ್ಗ್, ಎದುರಿಗೆ ಇದೇ ಆಸ್ಟ್ರೇಲಿಯಾ. ಜಹೀರ್ ಖಾನ್ ಮೊದಲ ಓವರ್‌ನಲ್ಲೇ 15 ರನ್ ಕೊಟ್ಟಾಗ ಹೊಟ್ಟೆ ತೊಳಸೋಕೆ ಶುರುವಾಗಿತ್ತು. ಅವರು 359 ಹೊಡೆದ ಮೇಲೂ ಆಸೆ ಬಿಟ್ಟಿರಲಿಲ್ಲ. ಸಚಿನ್ ಇದ್ದಾನಲ್ಲ! ಅವನು ಮೊದಲ ಓವರ್‌ನಲ್ಲೇ ಒಂದು ಬೌಂಡರಿ ಹೊಡೆದು, ಮೆಕ್‌ಗ್ರಾ ಕೈಗೇ ಕ್ಯಾಚ್ ಕೊಟ್ಟು ಹೊರಟ. ಆಮೇಲೆ ಮಳೆ ಬಂತು. ಆ ಮಳೆ ನಿಲ್ಲಬಾರದು ಅಂತ ನಾನು ಹರಕೆ ಹೊತ್ತಿದ್ದೆ. ನಿಂತಿತು. 125 ರನ್‌ಗಳ ಸೋಲು.

ಅಲ್ಲಿಗೂ ಮುಗಿಯಲಿಲ್ಲ. ಆಸ್ಟ್ರೇಲಿಯಾ ನಾಯಕ ರಿಕಿ ಪಾಂಟಿಂಗ್ ಬ್ಯಾಟ್ ಒಳಗೆ ಸ್ಪ್ರಿಂಗ್ ಇತ್ತಂತೆ, ಫೈನಲ್ ಮತ್ತೆ ಆಡಿಸ್ತಾರಂತೆ ಅಂತ ಸುದ್ದಿ ಹಬ್ಬಿತು. ಆಗ ಸ್ಕೂಲು, ಕಾಲೇಜಲ್ಲಿ ಇದ್ದವರಿಗೆಲ್ಲ ಇದು ನೆನಪಿರುತ್ತೆ. ಯಾರು ಹುಟ್ಟಿಸಿದರೋ ಗೊತ್ತಿಲ್ಲ, ನಂಬದೇ ಇದ್ದವರು ಕಡಿಮೆ. ಸೋಲು ಒಪ್ಪಿಕೊಳ್ಳೋದಕ್ಕಿಂತ ಸ್ಪ್ರಿಂಗ್ ಒಪ್ಪಿಕೊಳ್ಳೋದು ಸುಲಭ ಅಲ್ವಾ? ನಿನ್ನೆ ಟ್ರಾವಿಸ್ ಹೆಡ್ 137 ಹೊಡೆದಾಗ ನನಗೆ ಅಂಥ ಯಾವ ಕಥೆಯೂ ಬೇಕಾಗಲಿಲ್ಲ. ಚೆನ್ನಾಗಿ ಆಡಿದ, ಗೆದ್ದರು, ಅಷ್ಟೇ.

ಅಭಿಮಾನ ಯಾಕೆ ಆರುತ್ತೆ ಅಂತ ಕೇಳಿದರೆ ಜನ ಮೊದಲು ಹೇಳೋದು 2000ದ ಮ್ಯಾಚ್ ಫಿಕ್ಸಿಂಗ್ ಹಗರಣ. ನನ್ನ ಮಟ್ಟಿಗೆ ಅದು ನಿಜ ಅಲ್ಲ. ಅದಾದ ಮೂರು ವರ್ಷಕ್ಕೇ ಮಳೆಗೆ ಹರಕೆ ಹೊತ್ತವನು ನಾನು. ಪಂದ್ಯಗಳು ಜಾಸ್ತಿ ಆದವು ಅನ್ನೋ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಐಪಿಎಲ್ ಒಂದರಲ್ಲೇ ಈಗ 74 ಪಂದ್ಯ. ಅದಕ್ಕಿಂತ ದೊಡ್ಡ ಪೇಚು ಇನ್ನೊಂದಿದೆ. ನಿನ್ನೆ ರೋಹಿತ್ ವಿಕೆಟ್ ತೆಗೆದ ಮ್ಯಾಕ್ಸ್‌ವೆಲ್ ಆರ್‌ಸಿಬಿ ಆಟಗಾರ. ಈ ಬೇಸಿಗೆಯಲ್ಲಿ ಅವನು ಸಿಕ್ಸರ್ ಹೊಡೆದಾಗಲೆಲ್ಲ ಕೂಗಿದ್ದೆ. ಈಗ ಬೈಯೋಣ ಅಂದರೆ ಬಾಯೇ ಬರಲಿಲ್ಲ.

ಆದರೆ ನಿಜವಾದ ಕಾರಣ ವಯಸ್ಸು ಅಂತ ನನಗನ್ನಿಸುತ್ತೆ. ನನ್ನ ವಯಸ್ಸಲ್ಲ, ಆಟಗಾರರದ್ದು. 1999ರ ಜನವರಿಯಲ್ಲಿ ಚೆನ್ನೈ ಟೆಸ್ಟ್ ನಡೆದಾಗ ಮೈದಾನದಲ್ಲಿದ್ದವರೆಲ್ಲ ನನಗೆ ಅಣ್ಣಂದಿರು. ಬೆನ್ನುನೋವಲ್ಲೇ 136 ಹೊಡೆದ ಸಚಿನ್ ಔಟಾದಾಗ ಬೇಕಿದ್ದದ್ದು 17 ರನ್. ಉಳಿದ ಮೂರು ವಿಕೆಟ್ ನಾಲ್ಕೇ ರನ್‌ಗೆ ಬಿದ್ದವು. ಪಾಕಿಸ್ತಾನಕ್ಕೆ 12 ರನ್ ಜಯ. ಅಣ್ಣ ಸೋತ ಹಾಗೆ ಅತ್ತಿದ್ದೆ. ಶುಭಮನ್ ಗಿಲ್ ಹುಟ್ಟಿದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಆ ಸೋಲು ಆಗಿ ಏಳು ತಿಂಗಳಾದ ಮೇಲೆ. ನಿನ್ನೆ ಅವನೂ 4 ರನ್‌ಗೆ ಔಟಾದ, 2003ರ ಸಚಿನ್ ಹಾಗೇ. ನನಗೆ ಅನ್ನಿಸಿದ್ದು 'ಪಾಪ, ಹುಡುಗ'. ಚಿಕ್ಕವರ ಮೇಲೆ ಪ್ರೀತಿ ಬರುತ್ತೆ, ಕನಿಕರ ಬರುತ್ತೆ. ಅವರ ಹಾಗೆ ಆಗಬೇಕು ಅನ್ನೋ ಹುಚ್ಚು ಮಾತ್ರ ಬರೋದಿಲ್ಲ. 2013ರ ನವೆಂಬರ್‌ನಲ್ಲಿ ಸಚಿನ್ ಕೊನೆಯ ಟೆಸ್ಟ್ ಆಡಿ ಹೊರಟಾಗಲೇ ಆ ಹುಚ್ಚು ಮುಕ್ಕಾಲು ಪಾಲು ಹೋಗಿತ್ತೇನೋ.

ಇದು ಬರೀ ಮನಸ್ಸಿನ ಆಟವೂ ಅಲ್ಲ. 1994ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನೋಡುತ್ತಿದ್ದ ಕೆಲವು ಅಭಿಮಾನಿಗಳ ಎಂಜಲು ಪರೀಕ್ಷೆ ಮಾಡಿದ್ದರು. ಗೆದ್ದ ಬ್ರೆಜಿಲ್ ಕಡೆಯವರಲ್ಲಿ ಟೆಸ್ಟೋಸ್ಟೆರಾನ್ ಏರಿತ್ತು, ಸೋತ ಇಟಲಿ ಕಡೆಯವರಲ್ಲಿ ಇಳಿದಿತ್ತು. ಕುರ್ಚಿ ಮೇಲೆ ಕೂತವರ ಮೈ ಕೂಡ ಆಡುತ್ತಿತ್ತು. ನಿನ್ನೆ ನನ್ನ ಎಂಜಲು ತಗೊಂಡಿದ್ದರೆ ಏನೂ ಸಿಗುತ್ತಿರಲಿಲ್ಲ.

ಹಾಗಂತ ನಷ್ಟವೇ ಅಂತಲೂ ಅಲ್ಲ. ರೋಹಿತ್ ಎತ್ತಿ ಹೊಡೆದ ಚೆಂಡಿಗೆ ಹೆಡ್ ಹಿಂದಕ್ಕೆ ಓಡಿದ. ಭುಜದ ಮೇಲಿಂದ ಚೆಂಡನ್ನೇ ನೋಡುತ್ತಾ, ಕೊನೆಯಲ್ಲಿ ಮೈ ಚೆಲ್ಲಿ ಹಿಡಿದ. ನನ್ನ ಬಾಯಿಂದ 'ಭಲೇ' ಅಂತ ಬಂದೇಬಿಟ್ಟಿತು. ಹಳೇ ನಾನಾಗಿದ್ದರೆ ಆ ಕ್ಯಾಚನ್ನು ನೋಡಿಯೂ ನೋಡುತ್ತಿರಲಿಲ್ಲ. 2003ರ ಫೈನಲ್‌ನಲ್ಲಿ ಪಾಂಟಿಂಗ್ ಹೊಡೆದ ಆ 140 ಮೊನ್ನೆ ಯೂಟ್ಯೂಬ್‌ನಲ್ಲಿ ಸಿಕ್ಕಿತು. ಎಂಟು ಸಿಕ್ಸರ್. ಅದರಲ್ಲೊಂದು ಹೆಚ್ಚುಕಡಿಮೆ ಒಂದೇ ಕೈಯಲ್ಲಿ. ಎಂಥ ಆಟ ಮಾರಾಯ್ರೇ! ಅವತ್ತು ಇದೆಲ್ಲ ಕಣ್ಣಿಗೆ ಬಿದ್ದಿರಲೇ ಇಲ್ಲ.

ಆದರೂ ನಿಜ ಹೇಳಬೇಕೆಂದರೆ, ಭಲೇ ಅನ್ನೋದಕ್ಕಿಂತ ಆ ಸಂಕಟವೇ ವಾಸಿ ಇತ್ತು ಅನ್ನಿಸುತ್ತೆ. 2011ರ ಏಪ್ರಿಲ್ 2ರ ರಾತ್ರಿ ಭಾರತ ವಿಶ್ವಕಪ್ ಗೆದ್ದಾಗ ಬೀದಿಗೆ ಇಳಿದು ಕುಣಿದಿದ್ದು 2003ರ ನೋವು ಇದ್ದದ್ದಕ್ಕೇ. ಮುಂದಿನ ಸಲ ಗೆದ್ದರೆ ಕುಣೀತೀನಾ? ಗೊತ್ತಿಲ್ಲ. ಗುರುವಾರ ವಿಶಾಖಪಟ್ಟಣದಲ್ಲಿ ಇದೇ ಆಸ್ಟ್ರೇಲಿಯಾ ಜೊತೆ ಟಿ20 ಸರಣಿ ಬೇರೆ ಶುರುವಂತೆ. ಸೂತಕ ಕಳೆಯೋಕೂ ಬಿಡೋದಿಲ್ಲ ಇವರು.