ಕೆಳತುಟಿಯ ಗುರುತು

16 ನವೆಂಬರ್ 2025, ಭಾನುವಾರ
ಕೋಲಾರ

ಬಸೂನ್, ಕ್ಲಾರಿನೆಟ್ಟಿಗಿಂತ ಮಂದ್ರದಲ್ಲಿ ನುಡಿಯೋ ಆ ಉದ್ದನೆಯ ಊದುವಾದ್ಯ, ಮನೆಗೆ ಬಂದು ಹನ್ನೊಂದು ದಿನ. ಕ್ಲಾರಿನೆಟ್ ಪೆಟ್ಟಿಗೆ ಬೀರುವಿನ ಮೇಲೇರಿಯೂ ಅಷ್ಟೇ ದಿನ. ಬೆಳಿಗ್ಗೆ ಧೂಳು ಒರೆಸೋ ನೆಪದಲ್ಲಿ ಇಳಿಸಿ, ತೆರೆಯದೆ ಹಾಗೇ ಮೇಲಿಟ್ಟೆ. ತೆರೆದಿದ್ದರೆ ಊದದೆ ಇರುತ್ತಿರಲಿಲ್ಲ. ಊದಿದ್ದರೆ ತುಟಿ ಕಲಿತ ಚೂರುಪಾರೂ ಹೋಗುತ್ತಿತ್ತು.

ಬೆಂಗಳೂರಿನ ನಮ್ಮ ವೃಂದದಲ್ಲಿ ಕ್ಲಾರಿನೆಟ್ ಊದೋರು ನಾಲ್ಕು ಜನ, ಬಸೂನ್ ಕುರ್ಚಿ ಖಾಲಿ. ಮೇಷ್ಟ್ರು ಕೇಳಿದ್ದು ಅದಕ್ಕೆ. ನಾನು ಒಪ್ಪಿದ್ದು ಬಲಗೈ ಹೆಬ್ಬೆರಳಿನ ಸಲುವಾಗಿ. ಇಪ್ಪತ್ತೆರಡು ವರ್ಷ ಕ್ಲಾರಿನೆಟ್ಟಿನ ಭಾರ ಹೊತ್ತದ್ದು ಆ ಒಂದೇ ಬೆರಳು. ಈಗೀಗ ಬಸ್ಸಿನಲ್ಲಿ ಕಂಬಿ ಹಿಡಿದರೂ ಗೆಣ್ಣು ಸೆಳೆಯುತ್ತೆ. ಬಸೂನ್ ಅದರ ಮೂರು ನಾಲ್ಕು ಪಟ್ಟು ತೂಕ. ಆದರೆ ಕುರ್ಚಿ ಮೇಲೆ ಪಟ್ಟಿ ಹಾಸಿ, ಅದರ ಮೇಲೆ ಕೂತು, ವಾದ್ಯದ ಬುಡವನ್ನು ಪಟ್ಟಿಗೆ ಕೊಕ್ಕೆ ಹಾಕಿಬಿಟ್ಟರೆ ಕೈಗೆ ಭಾರ ಬೀಳೋದಿಲ್ಲ. ಎರಡೂವರೆ ಮೀಟರಿನ ಕೊಳವೆ ಬುಡದಲ್ಲಿ ಮಡಚಿಕೊಂಡು ಮತ್ತೆ ಮೇಲಕ್ಕೆ ಏರುತ್ತೆ. ನಿಲ್ಲಿಸಿದರೆ ನನ್ನ ಎದೆಮಟ್ಟ.

ಹೆಬ್ಬೆರಳು ಸುಧಾರಿಸಿಕೊಂಡಿತು, ಬಾಯಿ ಕೈಕೊಟ್ಟಿತು. ಕ್ಲಾರಿನೆಟ್ಟಿನಲ್ಲಿ ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಕೂರುತ್ತೆ, ಕೆಳಗಿರೋ ಒಂಟಿ ರೀಡಿಗೆ, ಅಂದರೆ ಊದಿದಾಗ ಅದುರೋ ಜೊಂಡಿನ ತೆಳು ಸೀಳಿಗೆ, ತುಟಿ ಬಿಗಿಯಬೇಕು. ಬಸೂನಿನದು ಜೋಡಿ ರೀಡು. ಹಲ್ಲು ಅದಕ್ಕೆ ತಗಲುವ ಹಾಗೇ ಇಲ್ಲ, ಎರಡೂ ತುಟಿಯ ಮೆತ್ತೆಯಲ್ಲಿ ಹಿಡಿಯಬೇಕು. ಬಿಗಿದರೆ ಶ್ರುತಿ ಏರುತ್ತೆ, ಮಂದ್ರದ ಸ್ವರ ಬಾಯೇ ಬಿಡೋದಿಲ್ಲ. ನಂದು ಬಾಯೇ ಬಿಟ್ಟಿರಲಿಲ್ಲ.

ಸಂಜೆ ಮುಳಬಾಗಿಲಿನಿಂದ ದೊಡ್ಡಪ್ಪ ಬಂದರು. ನಾಳೆ ಕಾರ್ತಿಕದ ಕಡೇ ಸೋಮವಾರ, ಗುಡಿಯಲ್ಲಿ ಅವರ ಓಲಗ. ಕಾಫಿ ಲೋಟ ಕೆಳಗಿಟ್ಟು ವಾದ್ಯವನ್ನು ಮೇಲಿಂದ ಕೆಳಗೆ ನೋಡಿದರು.

"ಏನಪ್ಪಾ ಇದು, ಮಂಚದ ಕಾಲಿದ್ದಂಗೈತೆ. ಇದರ ಸೀವಾಳಿ ಎಲ್ಲಿ?"

ಸೀವಾಳಿ ಅಂದರೆ ಅವರ ನಾಗಸ್ವರದ ಜೋಡಿ ರೀಡು. ಇದಕ್ಕೂ ಅಂಥದ್ದೇ ಅಂತ ನಾನಿನ್ನೂ ಹೇಳಿರಲಿಲ್ಲ. ಸೊಟ್ಟಗೆ ಬಗ್ಗಿರೋ ಆ ಸಣ್ಣ ಲೋಹದ ಕೊಳವೆಯ ತುದಿ ನೋಡಿಯೇ ಕೇಳಿದರು. ಬಟ್ಟಲ ನೀರಿನಲ್ಲಿ ನೆನೆಹಾಕಿದ್ದ ರೀಡನ್ನು ಎತ್ತಿಕೊಟ್ಟೆ. ಬಲ್ಬಿಗೆ ಹಿಡಿದು ಅದರ ಸಂದು ನೋಡಿದರು. "ನಮ್ಮದಕ್ಕೆ ಬರೀ ದಾರ. ಇದಕ್ಕೆ ತಂತೀನೂ ಬಿಗಿದವ್ರೆ." ಆಮೇಲೆ ನನ್ನನ್ನೊಂದು ಮಾತೂ ಕೇಳದೆ ಬಾಯಿಗಿಟ್ಟುಕೊಂಡು ಊದಿದರು. ಕರ್‍ರ್ ಅಂತ ಒರಟಾಗಿ, ನಾಲ್ಕೈದು ದನಿ ಒಟ್ಟಿಗೆ ಎದ್ದ ಹಾಗೆ. ರೀಡೊಂದನ್ನೇ ಊದಿದಾಗ ಕಾಗೆ ಕೂಗಿದಂಗೆ ಬರಬೇಕು ಅಂತ ಮೇಷ್ಟ್ರು ಹೇಳಿದ್ದು ಇದನ್ನೇ. ಹನ್ನೊಂದು ದಿನದಿಂದ ನನಗೆ ಬರುತ್ತಿದ್ದದ್ದು ಬರೀ ಕೀರಲು.

"ಈಗ ನೀನು."

ಊದಿದೆ. ಕೀರಲು.

"ಕಚ್ತಿದೀಯ."

"ಇಲ್ಲ ದೊಡ್ಡಪ್ಪ."

"ಕೆಳತುಟಿ ಒಳಗೆ ಹಲ್ಲಿನ ಗುರುತೈತಾ ಇಲ್ವಾ, ನೋಡ್ಕೋ ಹೋಗು."

ಕನ್ನಡಿ ಮುಂದೆ ತುಟಿ ಮಗುಚಿ ನೋಡಿದೆ. ಸಾಲಾಗಿ ನಾಲ್ಕು ಗುರುತು.

ಹೋದ ವರ್ಷ ಅವರ ಮುಂದಿನ ಮೇಲ್ಹಲ್ಲು ಎರಡು ಬಿದ್ದಾಗ ನಾನು ಕೇಳಿದ್ದೆ, "ಇನ್ನು ಊದೋಕ್ಕಾಗುತ್ತಾ ದೊಡ್ಡಪ್ಪ?" ಅಂತ. "ಹಲ್ಲಲ್ಲಿ ಊದ್ತಾರೇನೋ?" ಅಂದು ಸುಮ್ಮನಾಗಿದ್ದರು. ತಮಾಷೆ ಮಾಡ್ತಾರೆ ಅಂದುಕೊಂಡಿದ್ದೆ. ಕನ್ನಡಿ ಮುಂದೆ ನಿಂತಾಗ ಆ ಮಾತು ಹೊಟ್ಟೆಯಲ್ಲಿ ಕಲಸಿತು. ಅವರ ನಾಗಸ್ವರ ಕೇಳುತ್ತಾ ಬೆಳೆದವನು ನಾನು. ಆ ತುಟಿ ಏನು ಮಾಡುತ್ತೆ ಅಂತ ಒಂದು ದಿನ ಕಣ್ಣಿಟ್ಟು ನೋಡಿರಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಅವರು ಕೈಗಿಟ್ಟ ವಾದ್ಯ ಬೇಡ ಅಂದು ಶಾಲೆಯ ಬ್ಯಾಂಡಿನ ಕ್ಲಾರಿನೆಟ್ಟಿಗೆ ಹೋದೆ, ಬೆಳ್ಳಿ ಬಣ್ಣದ ಕೀಗಳ ಆಸೆಗೆ. ಆಗ ಅವರು ಬೈಯಲಿಲ್ಲ. ಕ್ಲಾರಿನೆಟ್ಟಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಎ.ಕೆ.ಸಿ. ನಟರಾಜನ್ ಅವರ ಕ್ಯಾಸೆಟ್ ತಂದುಕೊಟ್ಟು "ಊದೋದಾದ್ರೆ ಹಿಂಗೆ ಊದು" ಅಂದಿದ್ದರು.

ಕ್ಲಾರಿನೆಟ್ಟಿನ ಮೇಲೆ ಅವರದೊಂದು ತಕರಾರು ಮಾತ್ರ ಯಾವಾಗಲೂ ಇತ್ತು. ಸ ಹಿಡಿದ ಬೆರಳಲ್ಲೇ ಸ್ಥಾಯಿ ಏರಿಸಿದರೆ ಮೇಲಿನ ಪ ಬಂದುಬಿಡುತ್ತೆ, ಬೆರಳನ್ನು ನಂಬೋ ಹಾಗಿಲ್ಲ ಅಂತ. ಅದನ್ನೇ ಇವತ್ತೂ ಕೇಳಿದರು.

"ಇದರಲ್ಲಿ ಹೆಂಗೆ?"

"ಸ ಹಿಡಿದ್ರೆ ಮೇಲೂ ಸ‌ನೇ ದೊಡ್ಡಪ್ಪ. ಕೊಳವೆ ಒಳಗೆ ಅಗಲವಾಗ್ತಾ ಹೋಗುತ್ತಲ್ಲ, ನಾಗಸ್ವರದ ಥರ."

"ಹಂಗಾದ್ರೆ ನಮ್ಮ ಕಡೇದೇ," ಅಂದರು.

ಎಡ ತೋರುಬೆರಳನ್ನು ಉರುಳಿಸಿ ತೂತನ್ನು ಅರ್ಧ ತೆರೆದು ತೋರಿಸಿದೆ. ಕೆಲವು ಸ್ವರಕ್ಕೆ ಹಾಗೆ ಮಾಡದಿದ್ದರೆ ದನಿ ಒಡೆಯುತ್ತೆ. ಅದಕ್ಕೆ ಅವರು ಮಾತಾಡಲಿಲ್ಲ. ತಮ್ಮ ಬೆರಳನ್ನು ಗಾಳಿಯಲ್ಲಿ ಹಾಗೇ ಉರುಳಿಸಿದರು, ಅಷ್ಟೇ.

ಎಡಗೈ ಹೆಬ್ಬೆರಳಿನದು ಬೇರೆ ಚಿಂತೆ. ಕ್ಲಾರಿನೆಟ್ಟಿನಲ್ಲಿ ಅದಕ್ಕೆ ಒಂದು ತೂತು, ಒಂದು ಕೀ. ಇಲ್ಲಿ ಎಂಟೊಂಬತ್ತು ಕೀ ಅದೊಂದೇ ನೋಡಿಕೊಳ್ಳಬೇಕು. ಜೊತೆಗೆ ಬಾಸ್ ಕ್ಲೆಫ್, ಮಂದ್ರದ ಸ್ವರಗಳನ್ನು ಬರೆಯೋ ಬೇರೆ ಲಿಪಿಕ್ರಮ. ಜನವರಿಗೆ ಮಕ್ಕಳ ಕಛೇರಿ, ಪ್ರೊಕೋಫಿಯೆವ್ 1936ರಲ್ಲಿ ಬರೆದ 'ಪೀಟರ್ ಆ್ಯಂಡ್ ದಿ ವುಲ್ಫ್'. ಪಾತ್ರಕ್ಕೊಂದು ವಾದ್ಯ ಇರೋ ಸಂಗೀತ ಕಥೆ ಅದು. ಅದರಲ್ಲಿ ಬೆಕ್ಕಿಗೆ ಕ್ಲಾರಿನೆಟ್, ತಾತನಿಗೆ ಬಸೂನ್. ಬೆಕ್ಕಿನ ಪಾಡು ನಿದ್ದೆಯಲ್ಲೂ ಊದಬಲ್ಲೆ. ತಾತನ ಗದರಿಕೆ ಇನ್ನೂ ಗಂಟಲಿಂದ ಕೆಳಗಿಳಿದಿಲ್ಲ. ಎರಡು ತಿಂಗಳು ಸಾಲುತ್ತಾ?

ಮಲಗೋ ಮುಂಚೆ ದೊಡ್ಡಪ್ಪ ಕೇಳಿದರು, "ಅದನ್ನ ಮಾರಿಬಿಡ್ತೀಯಾ?" ಬೀರುವಿನ ಮೇಲಿನದನ್ನು. ಇಲ್ಲ ಅಂದೆ. ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ.

ಈಗ ಹತ್ತೂಮುಕ್ಕಾಲು. ನನ್ನ ರೀಡು ಕಿಟಕಿಯಲ್ಲಿ ಒಣಗುತ್ತಿದೆ, ಪಕ್ಕದ ಮೊಳೆಗೆ ಅವರ ಸೀವಾಳಿಗಳ ಗೊಂಚಲು ನೇತುಹಾಕಿದ್ದಾರೆ. ಐದಕ್ಕೆ ಎದ್ದು ಅವರ ಜೊತೆ ಗುಡಿಗೆ ಹೋಗಬೇಕು, ಎದುರಿಗೇ ಕೂರಬೇಕು. ತಾರಕ್ಕೆ ಏರುವಾಗ ತುಟಿಯ ಮೂಲೆ ಒಳಕ್ಕೆ ತರುತ್ತಾರೋ, ಇಲ್ಲ ಉಸಿರೊಂದರಲ್ಲೇ