ಜೋಡಿ ಓದು: ಕಸ್ತೂರಿಯ ತುತ್ತೂರಿಯಿಂದ ಕೋಣೂರಿನವರೆಗೆ

ಈ ವರ್ಷದ ಓದಿಗೆ ಒಂದು ಕ್ರಮ ಹಾಕಿಕೊಂಡಿದ್ದೇನೆ. ಬಾಲ್ಯದಲ್ಲಿ ಮೆಚ್ಚಿ ಓದಿದ್ದನ್ನು ಮತ್ತೆ ಓದುವುದು, ಅದರ ಬೆನ್ನಿಗೇ ಅದೇ ಲೇಖಕರು ದೊಡ್ಡವರಿಗಾಗಿ ಬರೆದದ್ದನ್ನು ಕೈಗೆತ್ತಿಕೊಳ್ಳುವುದು. ಕನ್ನಡದಲ್ಲಿ ಇಂಥ ಜೋಡಿಗಳಿಗೆ ಬರವಿಲ್ಲ. ಕುವೆಂಪು, ಕಾರಂತ, ರಾಜರತ್ನಂ, ಪಂಜೆ ಎಲ್ಲರೂ ಮಕ್ಕಳಿಗಾಗಿ ಮನಸ್ಸಿಟ್ಟು ಬರೆದವರು.

ಮೊದಲ ಜೋಡಿ ಜಿ.ಪಿ. ರಾಜರತ್ನಂ ಅವರದು. 'ತುತ್ತೂರಿ' ಪದ್ಯ ಬಾಯಿಪಾಠವೇ ಆಗಿದ್ದರೂ ಪುಸ್ತಕ ತೆರೆದು ಓದಿದೆ. ಕಸ್ತೂರಿ ಸ್ವರಗಳನ್ನು ಆರೋಹಣ, ಅವರೋಹಣ ಎರಡರಲ್ಲೂ ಊದುತ್ತಾನೆ. ಇಂಥದ್ದು ಬೇರೆ ಯಾರಿಗೂ ಇಲ್ಲವೆಂದು ಬೀಗುತ್ತಾನೆ. ತುತ್ತೂರಿ ಕೊಳಕ್ಕೆ ಜಾರಿ ಬಿದ್ದ ಮೇಲೆ ಹೊರಡುವುದು 'ಗಗಗಗ' ಮಾತ್ರ. ಏಳು ಸ್ವರದಲ್ಲಿ ಒಂದೇ ಉಳಿಯಿತು! ಜಂಬ ಇಳಿದದ್ದನ್ನು ಕವಿ ಕಿವಿಗೇ ಕೇಳಿಸಿಬಿಡುತ್ತಾರೆ.

ಆಮೇಲೆ ಕುಡುಕ ರತ್ನ ಆಡುಮಾತಿನಲ್ಲೇ ಹಾಡುವ 'ರತ್ನನ ಪದಗಳು'. ಇದನ್ನು ಗಟ್ಟಿಯಾಗಿಯೇ ಓದಬೇಕು. ಕಣ್ಣಿಗೆ ತೊಡಕೆನಿಸುವ ಅಕ್ಷರಗಳು ನಾಲಿಗೆಗೆ ಬಂದೊಡನೆ ಲಯಕ್ಕೆ ಕೂಡಿಕೊಳ್ಳುತ್ತವೆ. ನಾಲಿಗೆ ಸೀಳಿಸಿ ಬಾಯಿ ಹೊಲಿಸಿದರೂ ಮೂಗಿನಲ್ಲೇ ಕನ್ನಡ ಪದ ಆಡುತ್ತೇನೆ ಎನ್ನುವ ರತ್ನನ ಬಳಿಗೆ ಬಂದಾಗ ಕಸ್ತೂರಿ ನೆನಪಾದ. ಅವನ ವಾದ್ಯ ನೀರು ಕುಡಿದದ್ದೇ ತಡ, ಹಾಡು ನಿಂತಿತು. ರತ್ನನಿಗೆ ಬಾಯಿಯೇ ಹೋದರೂ ಹಾಡು ನಿಲ್ಲುವುದಿಲ್ಲ. ಇಬ್ಬರನ್ನೂ ಸೃಷ್ಟಿಸಿದ್ದು ಒಂದೇ ಕೈ ಎಂಬುದು ಬೇರೆ ಬೇರೆಯಾಗಿ ಓದಿದಾಗ ನನಗೆ ಹೊಳೆದಿರಲಿಲ್ಲ. ಈ ಯೋಜನೆಯಿಂದ ಈವರೆಗೆ ಸಿಕ್ಕ ದೊಡ್ಡ ಲಾಭ ಇದೇ.

ಎರಡನೆಯದು ಕಾರಂತರ ಜೋಡಿ, ಅರ್ಧ ಮುಗಿದಿದೆ. 'ಬೆಟ್ಟದ ಜೀವ' (1943) ಓದಿಯಾಯಿತು. ದಾರಿ ತಪ್ಪಿ ಬಂದ ಅತಿಥಿಯನ್ನು ಹೊರಡಲು ಬಿಡದೆ, ಎಣ್ಣೆ ಸ್ನಾನ ಮಾಡಿಸಿ, ತಮ್ಮ ತೋಟ ಕಾಡುಗಳನ್ನು ತೋರಿಸುವ ಗೋಪಾಲಯ್ಯ ಈಗಲೂ ಮನಸ್ಸು ತುಂಬುತ್ತಾರೆ. ಅವರು ಮಕ್ಕಳಿಗಾಗಿ ಬರೆದ ವಿಶ್ವಕೋಶ, ಮೂರು ಸಂಪುಟಗಳ 'ಬಾಲಪ್ರಪಂಚ'ದಲ್ಲಿ ಒಂದೇ ಕೈಯಲ್ಲಿದೆ. ಉಳಿದೆರಡಕ್ಕಾಗಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಹೇಳಿಟ್ಟಿದ್ದೇನೆ.

ಸದ್ಯ ಓದುತ್ತಿರುವುದು ಕುವೆಂಪು. 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಅಕ್ಕನ ಮಗಳಿಗೆ ಓದಿ ಹೇಳಿದೆ. ಸುಂಡಿಲಿ, ಮೂಗಿಲಿ ಎಂದು ಇಲಿಗಳ ದಂಡು ಹೊರಡುವ ಭಾಗವನ್ನು ಅವಳು ಮತ್ತೆ ಮತ್ತೆ ಓದಿಸಿದಳು. ಇಂಗ್ಲಿಷ್ ಕವಿ ಬ್ರೌನಿಂಗ್‌ನ ಕಥೆಯನ್ನು ಕುವೆಂಪು ತುಂಗೆಯ ದಡಕ್ಕೆ ತಂದು ನಿಲ್ಲಿಸಿದರು. ಅದೇ ತುಂಗೆ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲೂ ಹರಿಯುತ್ತದೆ. ನಾಯಿಗುತ್ತಿ ತನ್ನ ನಾಯಿ ಹುಲಿಯನೊಡನೆ ಹೊರಟಾಯಿತು, ನಾನೂ ಹಿಂದೆಯೇ ಇದ್ದೇನೆ. ಪಾತ್ರಗಳು ಬಹಳ. ಹಾಗಾಗಿ ಹಳೆಮನೆ, ಕೋಣೂರು, ಸಿಂಬಾವಿ, ಬೆಟ್ಟಳ್ಳಿ ಎಂದು ನೋಟುಬುಕ್ಕಿನಲ್ಲಿ ಒಂದೊಂದು ಪುಟ ಬಿಟ್ಟು, ಆಯಾ ಮನೆಯವರ ಹೆಸರುಗಳನ್ನು ಅಲ್ಲಲ್ಲೇ ಬರೆದುಕೊಳ್ಳುತ್ತಿದ್ದೇನೆ. ಈ ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟವರು ಹೀಗೆ ಮಾಡಿ ನೋಡಿ, ಕಾಡಿನಲ್ಲಿ ದಾರಿ ಸಿಗುತ್ತದೆ. ಮಳೆಗಾಲ ಮುಗಿಯುವವರೆಗೂ ಇದೇ ಓದು. ಅವಸರವಿಲ್ಲ.

ಮುಂದಿನ ಸರದಿ ಪಂಜೆ ಮಂಗೇಶರಾಯರದು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರು ಅವರು. 'ನಾಗರಹಾವೇ' ಪದ್ಯದ ಜೊತೆಗೆ ಅವರ ಸಣ್ಣಕತೆಗಳನ್ನು ಇಟ್ಟುಕೊಳ್ಳಬೇಕೆಂದಿದ್ದೇನೆ. ಗ್ರಂಥಾಲಯದಲ್ಲಿ ಒಂದು ಪ್ರತಿಯನ್ನು ಕಾಯ್ದಿರಿಸಿಯೂ ಆಗಿದೆ.